ಇಸಿಜಿ ಪಟ್ಟಿಯ ಹಿಂಬದಿ

ಕೆಲಸಕ್ಕೆ ಸೇರಿದ ಮೂರನೇ ರಾತ್ರಿ
ಸಿಸ್ಟರ್ ಸಿಸಿಲಿಯಾ ಲೋಬೋ
ಕಸದ ಬುಟ್ಟಿಗೆ ಬೀಳಬೇಕಿದ್ದ ಇಸಿಜಿ ಪಟ್ಟಿಯೊಂದನ್ನು
ಮಗುಚಿ, ಮೊಣಕಾಲ ಮೇಲಿಟ್ಟು
ಏಳು ನಂಬರು ಬರೆದುಕೊಟ್ಟರು.

ರಕ್ತನಿಧಿಯಲ್ಲಿ ಶಮೀಮ, ಎಷ್ಟು ಹೊತ್ತಿಗಾದರೂ ಎತ್ತುತ್ತಾಳೆ.
ತೀರ್ಥಹಳ್ಳಿಯ ಬ್ರದರ್ ಹೂವಪ್ಪ,
ನರ ಸಿಗದ ಕೂಸುಗಳಿಗೆ ಅವನ ಕೈಯೇ ಆಗಬೇಕು.
ರಿಜಿಸ್ಟ್ರೇಶನ್ ನವೀಕರಣಕ್ಕೆ ಪ್ರಭಾವತಿ,
ಊಟಕ್ಕೆ ಮುಂಚೆ ಮಾಡು, ಆಮೇಲೆ ಆಕೆ ಬೇರೆಯೇ ಮನುಷ್ಯಳು.
ಹೀಗೆ ಇಳಿದು ಇಳಿದು
ಏಳನೆಯದು ಗೇಟಿನೆದುರಿನ ಟೀ ಅಂಗಡಿ.
ನಕ್ಕೆ.
‘ನಗಬೇಡ’ ಎಂದರು.

ಇದು ವಶೀಲಿ ಅಲ್ಲವಾ ಸಿಸ್ಟರ್?
ಕೇಳಿಯೇಬಿಟ್ಟೆ. ನಮ್ಮ ಮನೆಯಲ್ಲಿ
ಕೇಳುವುದೆಂದರೆ ಕೈ ಚಾಚುವುದು.
ಭದ್ರಾವತಿಯಲ್ಲಿ ಕಾಗದ ಮಾಡುತ್ತಿದ್ದ ಅಪ್ಪ
ಕಾರ್ಖಾನೆ ನಿಂತ ಮೇಲೆ
ಒಂದೇ ಒಂದು ಕಾಗದ ಬರೆಯಲಿಲ್ಲ ಯಾರಿಗೂ.
ಗೊತ್ತಿದ್ದವರು ಎದುರು ಬಂದರೆ
ರಸ್ತೆಯ ಆ ಬದಿಗೆ ದಾಟಿಬಿಡುತ್ತಿದ್ದ.

ಸಿಸ್ಟರ್ ಪೆನ್ನಿನ ಮುಚ್ಚಳ ಹಾಕಿದರು.
‘ಹೂಂ, ವಶೀಲಿಯೇ.
ಮೊದಲು ರೋಗಿಗೆ.
ಉಳಿದರೆ ನಿನಗೆ.’

ಓ ನೆಗೆಟಿವ್ ಬೇಕಾದ ರಾತ್ರಿ
ತುಂಗೆಯ ಸೇತುವೆ ಮೇಲೆ ಆಂಬ್ಯುಲೆನ್ಸು ಸಿಕ್ಕಿಕೊಂಡಿದ್ದಾಗ
ಮೊದಲ ನಂಬರು ಒತ್ತಿದೆ, ಬೆರಳು ನಡುಗುತ್ತಿತ್ತು.
ಶಮೀಮ ನೀನು ಯಾರು ಎಂದು ಕೇಳಲಿಲ್ಲ,
ಯಾವ ಗುಂಪು ಎಂದು ಕೇಳಿದಳು.
ಆಕೆಯ ಮುಖ ನೋಡಿದ್ದು ಹನ್ನೊಂದು ತಿಂಗಳ ಮೇಲೆ,
ಬಸ್‌ಸ್ಟ್ಯಾಂಡಿನಲ್ಲಿ, ದನಿಯಿಂದ ಗುರುತು ಹಿಡಿದು.

ಡಯಾಲಿಸಿಸ್ ತರಬೇತಿಗೆ ಒಂದೇ ಸೀಟು ಬಂದಾಗ
ದಾಕ್ಷಾಯಿಣಿಗೆ ಹೇಳಿದ್ದು ನಾನೇ.
ಅರ್ಜಿ ತುಂಬಲು ಪೆನ್ನು ಕೊಟ್ಟಿದ್ದೂ ನಾನೇ.
ಅವಳಿಗೆ ಸಿಕ್ಕಿತು.
ಕಂಗ್ರಾಟ್ಸ್ ಎಂದೆ. ಮೂರು ವಾರ
ಅವಳ ಡಬ್ಬಿಯ ಚಿತ್ರಾನ್ನ ಮುಟ್ಟಲಿಲ್ಲ,
ಹೊಟ್ಟೆ ಸರಿಯಿಲ್ಲ ಎಂದು.
ಸುಳ್ಳೇನಲ್ಲ, ಹೊಟ್ಟೆಯೊಳಗೇ ಉರಿಯುತ್ತಿತ್ತು.

ಮರುವರ್ಷ ಒಂದು ಮಧ್ಯಾಹ್ನ ಫೋನು:
‘ಶಿಕಾರಿಪುರಕ್ಕೆ ಎರಡು ಮಷೀನು ಬರ್ತಾವಂತೆ ಕಣೇ,
ಮೀಟಿಂಗಲ್ಲಿ ನಿನ್ನ ಹೆಸರು ಹೇಳಿದೀನಿ.
ಕೇಳದೆ ಹೇಳ್ದೆ ಅಂತ ಬೈಬೇಡ.’

ಬೈಯಲು ಬಾಯಿ ಬರಲಿಲ್ಲ.
ದಿನಕ್ಕೆ ನೂರು ಸಲ ಬರೀ ಸಿಸ್ಟರ್ ನಾನು,
ಹನ್ನೆರಡನೇ ಬೆಡ್ಡಿನ ಅಜ್ಜಿಗೆ ಏ ತಂಗಿ,
ಡಾಕ್ಟರಿಗೆ ಯಾರಲ್ಲಿ.
ಬಿ. ಕೆ. ನಾಗವೇಣಿ ಎಂದು
ಇನಿಷಿಯಲ್ ಸಮೇತ
ನಾನಿಲ್ಲದ ಕೋಣೆಯೊಂದರಲ್ಲಿ
ಯಾರೋ ಉಚ್ಚರಿಸಿದ್ದರು,
ಯಾರೋ ಬರೆದುಕೊಂಡಿದ್ದರು.
ಅಪ್ಪನ ಹೆಸರನ್ನು ಹೀಗೆ ಒಬ್ಬರಾದರೂ
ಎಲ್ಲಾದರೂ ಹೇಳಿದ್ದರೆ ಎಂದು
ಸ್ಟೆರಿಲೈಜರಿನ ಪಕ್ಕ ನಿಂತು
ತುಸು ಹೊತ್ತು ಸುಮ್ಮನಿದ್ದೆ.

ಆ ಪಟ್ಟಿ ಈಗಲೂ ಇದೆ, ಪರ್ಸಿನಲ್ಲಿ, ನಾಲ್ಕು ಮಡಿಕೆ.
ಮುಂಬದಿಯಲ್ಲಿ ಯಾರದೋ ಎದೆ ಏರಿಳಿದ ಗೆರೆ
ಪೂರಾ ಅಳಿಸಿಹೋಗಿದೆ, ಆ ಕಾಗದದ ಗುಣವೇ ಅದು.
ಬದುಕಿಕೊಂಡನೋ ಇಲ್ಲವೋ ಗೊತ್ತಿಲ್ಲ.
ಹಿಂದಿನ ನೀಲಿ ಅಂಕಿ ಮಾತ್ರ ಹಾಗೇ ಇವೆ,
ಎರಡಕ್ಕೆ ನಾನೇ ಅಡ್ಡಗೆರೆ ಎಳೆದಿದ್ದೇನೆ:
ಒಂದು ಸೌದಿಗೆ ಹೋಯಿತು,
ಇನ್ನೊಂದು ಸಿಸಿಲಿಯಾರದು.
ಆ ನಂಬರಿಗೆ ಈಗಲೂ ರಿಂಗಾಗುತ್ತದೆ,
ಎತ್ತುವವನು ಟೈರ್ ಅಂಗಡಿಯ ಹುಡುಗ.

ನಿನ್ನೆ ಹೊಸಬಳೊಬ್ಬಳು ಬಂದಳು, ಕಂಬಳಿ ಬಣ್ಣದ ಸ್ವೆಟರು,
ಪ್ರತಿ ಮಾತಿಗೂ ಸಾರಿ ಮೇಡಂ.
ಬರೆದುಕೊಡಲು ಹಾಳೆ ಹುಡುಕುತ್ತಿದ್ದರೆ
ಪಟ್ಟಿಯದೇ ಫೋಟೋ ತೆಗೆದುಕೊಂಡಳು.
ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ
‘ಏಳನೇದು ಯಾರು ಮೇಡಂ?’

ಟೀ ಅಂಗಡಿ ಎಂದೆ.
ನಕ್ಕಳು.